ಏನ್ ಅಡಗಿ, ಅಕ್ಕೋರ?

ಅವರಿಗೆ ಮೀಸೆಯಿತ್ತೆಂದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ಕಳೆದ ತಿಂಗಳು ಮುಂಬೈಯ ಆಂಟಾಪ್ ಹಿಲ್‌ನ ಒಂದು ಹಳೆಯ ಕಾಲನಿಯ ಮೂರನೇ ಮಹಡಿಯಲ್ಲಿ, ಹಾರ ಹಾಕಿದ ಫೋಟೋದ ಮುಂದೆ ಕೂತಿದ್ದೆ. ದಪ್ಪ ಮೀಸೆಯ ಯಾರೋ ಅಪರಿಚಿತರು ಅದರೊಳಗಿಂದ ನನ್ನನ್ನು ನೋಡುತ್ತಿದ್ದರು. ನನಗೆ ಗೊತ್ತಿದ್ದದ್ದು ಹಣೆ ಮಾತ್ರ. ಹಣೆ, ಅದರ ಮೇಲೆ ಅರ್ಧ ಬೋಳಾದ ತಲೆ, ಹಿಂದೆ ಗೋಡೆಯ ಮೊಳೆಯಲ್ಲಿ ತೂಗುವ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಸುಮಾರು ಒಂದು ವರ್ಷ ನನ್ನ ಭಯ, ಅಳು ಎಲ್ಲವನ್ನೂ ನಾನು ಒಪ್ಪಿಸಿದ್ದು ಆ ಹಣೆಗೆ.

ಹೆಸರು ಬರೆಯುವುದಿಲ್ಲ. ಫೋನಿನಲ್ಲಿ ತಮ್ಮ ಹತ್ತಿರ ಅತ್ತವರ ಹೆಸರನ್ನು ಅವರು ಹೆಂಡತಿಗೂ ಹೇಳಿದವರಲ್ಲ. ಅವರ ಹೆಸರನ್ನು ನಾನೂ ಹೇಳದಿರುವುದು ನ್ಯಾಯ.

ಬೈಕುಲ್ಲಾ ಕಡೆಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಮೂವತ್ತು ವರ್ಷ ಕೌನ್ಸೆಲರ್ ಆಗಿದ್ದು ನಿವೃತ್ತರಾದವರು ಅವರು. ಬಾಗಲಕೋಟೆ ಕಡೆಯವರು. ಮುಂಬೈಗೆ ಬಂದು ನಲವತ್ತು ವರ್ಷವಾಗಿದ್ದರೂ ಮಾತು ಮಾತ್ರ ಊರಿನದೇ. ಲಾಕ್‌ಡೌನ್ ಬಂದಾಗ ನಮ್ಮ ಕನ್ನಡ ಸಂಘದವರು ಒಂದು ಪಟ್ಟಿ ಮಾಡಿ ವಾಟ್ಸಾಪ್‌ನಲ್ಲಿ ಹಂಚಿದರು. ಮನಸ್ಸಿಗೆ ಕಷ್ಟವಾದವರು ಈ ನಂಬರುಗಳಿಗೆ ಮಾತಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು. ಪಟ್ಟಿಯಲ್ಲಿ ಮೂರು ನಂಬರುಗಳಿದ್ದವು. ಮೊದಲಿನ ಎರಡು ಎಂಗೇಜ್ ಬಂದವು. ಮೂರನೆಯದು ಅವರದು.

ನನ್ನ ಕಷ್ಟವನ್ನು ಒಂದೇ ಮಾತಿನಲ್ಲಿ ಹೇಳಬಹುದು. ನನ್ನ ಕಾಲು ನಮ್ಮ ಬಿಲ್ಡಿಂಗಿನ ಗೇಟು ದಾಟುತ್ತಿರಲಿಲ್ಲ. ನಾನು ಕನ್ನಡ ಮಾಧ್ಯಮದ ಶಾಲೆಯೊಂದರ ಟೀಚರು. ಮನೆ ವಡಾಲ ಸ್ಟೇಷನ್ನಿನ ಈಚೆ, ಶಾಲೆ ಆಚೆ, ನಡುವೆ ಒಂದು ಸೇತುವೆ. ಇಪ್ಪತ್ತೆರಡು ವರ್ಷ ನಡೆದೇ ಹೋಗಿ ಬಂದ ದಾರಿ. ಲಾಕ್‌ಡೌನಿನಲ್ಲಿ ಶಾಲೆಯ ಮಕ್ಕಳ ಮನೆಯವರಿಗೆ ಅಕ್ಕಿ ಬೇಳೆ ಹಂಚುವ ಕೆಲಸಕ್ಕೆ ನಮ್ಮನ್ನು ಹಾಕಿದ್ದರು. ಮೂರು ದಿನ ಹೋದೆ. ಎಂಟನೇ ದಿನ ನಮ್ಮ ಅತ್ತೆಗೆ ಜ್ವರ ಬಂತು. ನೀಲಿ ಉಡುಪು ತೊಟ್ಟ ಇಬ್ಬರು ಬಂದು ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು. ಹದಿನಾಲ್ಕು ದಿನದ ಮೇಲೆ ಅತ್ತೆ ಗುಂಡುಕಲ್ಲಿನ ಹಾಗೆ ವಾಪಸು ಬಂದು, ಅಲ್ಲಿನ ಸಾಂಬಾರಿಗೆ ಉಪ್ಪೇ ಇರಲಿಲ್ಲವೆಂದು ದೂರಿದರು. ಅವರು ಹುಷಾರಾದರು, ನಾನಾಗಲಿಲ್ಲ. ರೋಗವನ್ನು ಮನೆಗೆ ತಂದವಳು ನಾನು ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಹಾಲಿನ ಪ್ಯಾಕೆಟ್ ತರಲು ಕೆಳಗಿಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ತಣ್ಣಗಾಗುತ್ತಿತ್ತು. ಅಷ್ಟರಲ್ಲಿ ಎರಡು ತಿಂಗಳ ಮೇಲೆ ಟೀಚರುಗಳೆಲ್ಲ ಶಾಲೆಗೆ ಹಾಜರಾಗಬೇಕು, ಬಾರದವರು ಕಾರಣ ಬರೆದು ಕೊಡಬೇಕು ಎಂದು ಆದೇಶ ಬಂತು. ಏನೆಂದು ಬರೆಯುವುದು? ಕಾಲು ಬರುತ್ತಿಲ್ಲ ಎಂದೇ? ಕೆಲಸ ಬಿಟ್ಟುಬಿಡೋಣವೆಂದು ನಾನು ಆಗಲೇ ಅರ್ಧ ತೀರ್ಮಾನಿಸಿದ್ದೆ.

ಒಂದೇ ರೂಮಿನ ಮನೆಯಲ್ಲಿ ಗಂಡ, ಅತ್ತೆ, ಹದಿನಾರರ ಮಗಳು. ಗುಟ್ಟಿನ ಮಾತಿಗೆ ಜಾಗವೆಲ್ಲಿ? ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಮೆಟ್ಟಿಲು ತಿರುಗುವಲ್ಲಿ ಹಳೇ ಪೇಪರ್ ಹಾಸಿಕೊಂಡು ಕೂತೆ. ಅತ್ತೆಗೆ ಸರಿಬರಲಿಲ್ಲ. “ಮನೇಲಿ ಮಾತಾಡೋಕೆ ನಾವೇನು ಇಲ್ವಾ? ಯಾರೋ ಗಂಡಸಿನ ಹತ್ರ ಮೆಟ್ಟಿಲ ಮೇಲೆ ಕೂತು ಅಳೋದಂತೆ” ಎಂದು ಬಾಗಿಲ ಸಂದಿಯಿಂದ ಹೇಳಿದರು. ಮಗಳು ವಿಡಿಯೋ ಕಾಲ್ ಹಾಕಿಕೊಟ್ಟು, ಇಣುಕಿ ನೋಡಿ, “ಅಮ್ಮಾ, ಅಂಕಲ್‌ದು ಸಿರ್ಫ್ ಹಣೆ ದಿಖ್ತಾ ಇದೆ. ಫೋನ್ ಥೋಡಾ ಕೆಳಗೆ ಮಾಡೋಕೆ ಹೇಳು ನಾ” ಎಂದಳು. ಹೇಳಿದೆ. ಅವರು ಏನೋ ಮಾಡಿದರು. ಹಣೆಯೂ ಹೋಗಿ ಬರೀ ಕ್ಯಾಲೆಂಡರು ಉಳಿಯಿತು. ಇನ್ನೊಂದು ಸಲ ಏನೋ ಮಾಡಿದರು, ಹಣೆ ವಾಪಸು ಬಂತು.

“ಇಷ್ಟ ಸಾಕ್ರಿ. ಮಾರಿ ನೋಡಿ ಏನ್ ಮಾಡೂದೈತಿ” ಎಂದರು.

ನಾನು ನನ್ನ ಕತೆಯನ್ನು ಪಾಠದ ಹಾಗೆ ತಯಾರಿ ಮಾಡಿಕೊಂಡು ಕೂತಿದ್ದೆ. ಅವರು ಕೇಳಿದ್ದು ಬೇರೆ.

“ಇವತ್ತ ಏನ್ ಅಡಗಿ, ಅಕ್ಕೋರ?”

ಅವರ ಸೀಮೆಯಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ನಮ್ಮ ಶಾಲೆಯ ಮಕ್ಕಳ ತಾಯಂದಿರು, ಕಟ್ಟಡದ ಕೆಲಸಕ್ಕೆ ಆ ಕಡೆಯಿಂದಲೇ ಬಂದವರು, ನನ್ನನ್ನು ಕರೆಯುವುದು ಹಾಗೆಯೇ. ಎಷ್ಟೋ ತಿಂಗಳಿಂದ ಯಾರೂ ಹಾಗೆ ಕರೆದಿರಲಿಲ್ಲ. ಅನ್ನ, ತಿಳಿಸಾರು ಎಂದೆ.

“ನಿನ್ನೆ?”

“ಅದೇ.”

“ಮೊನ್ನೆ?”

“ಅದೇ ಸರ್.”

“ಪಲ್ಯ ಇಲ್ಲ, ಚಟ್ನಿ ಇಲ್ಲ. ಮೂರು ದಿನದಿಂದ ಬರೇ ಸಾರು. ಹಂಗಾರ ಭಾಳ ತ್ರಾಸ ಆಗೇತಿ ನಿಮಗ” ಎಂದರು. ತಯಾರಿ ಮಾಡಿದ ಪಾಠವೆಲ್ಲ ಮರೆತುಹೋಗಿ ನಾನು ಅತ್ತುಬಿಟ್ಟೆ.

ಮುಂದೆ ಒಂದು ದಿನ, ಯಾವಾಗಲೂ ಅಡುಗೆಯನ್ನೇ ಯಾಕೆ ಕೇಳುತ್ತೀರಿ ಎಂದೆ. “ಹೆಂಗದೀರಿ ಅಂದ್ರ ಎಲ್ಲಾರೂ ಆರಾಮ ಅಂತಾರ್ರಿ. ಏನ್ ಅಡಗಿ ಅಂದ್ರ ಖರೇ ಹೇಳ್ತಾರ. ಅಡಗಿ ಬಗ್ಗೆ ಯಾರೂ ಸುಳ್ಳು ಹೇಳಂಗಿಲ್ಲ” ಎಂದರು. ಮೂವತ್ತು ವರ್ಷದ ಆಸ್ಪತ್ರೆಯ ಅನುಭವವನ್ನು ಅವರು ಇಳಿಸಿಕೊಂಡಿದ್ದು ಇಷ್ಟಕ್ಕೆ. ನಾನು ಪಲ್ಯ ಮಾಡಿದ ದಿನ ಅವರು ಯಾವ ತರಕಾರಿ, ಒಗ್ಗರಣೆಗೆ ಏನು ಎಂದು ಹತ್ತು ನಿಮಿಷ ವಿಚಾರಿಸುತ್ತಿದ್ದರು. ನನ್ನ ಭಯದ ಮಾತಿಗೆ ಉಳಿಯುತ್ತಿದ್ದದ್ದು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಭಯವೂ ಸ್ವಲ್ಪ ಬೇಜಾರಾಗಿ ಕೂತಿರುತ್ತಿತ್ತು.

ಅವರ ಮನೆಯಲ್ಲೂ ಜಾಗವಿರಲಿಲ್ಲ. ಅಡುಗೆಮನೆಯ ಪಕ್ಕದ ಕುರ್ಚಿಯೇ ಅವರ ಕ್ಲಿನಿಕ್ಕು. ಕುಕ್ಕರಿನ ಕೂಗು ಎಣಿಸುವ ಕೆಲಸವನ್ನು ಹೆಂಡತಿ ಅವರಿಗೇ ವಹಿಸಿದ್ದರು. ನಾನು ಬಿಕ್ಕುತ್ತಿದ್ದಾಗ ನಡುವೆ ಕುಕ್ಕರು ಕೂಗುತ್ತಿತ್ತು. “ಎರಡಾತು” ಎಂದು ಒಳಗೆ ಹೇಳಿ, “ಹೂಂ, ಹೇಳ್ರಿ ಅಕ್ಕೋರ” ಎಂದು ನನ್ನ ಕಡೆಗೆ ತಿರುಗುತ್ತಿದ್ದರು. ಒಂದು ಸಲ ನನ್ನ ಅಳುವಿನಲ್ಲಿ ಮೈಮರೆತು ಎಣಿಕೆ ತಪ್ಪಿ ಅವರ ಮನೆಯ ಬೇಳೆ ತಳ ಹಿಡಿಯಿತು. ಹೆಂಡತಿ ಬೈದದ್ದು ನನಗೂ ಕೇಳಿಸಿತು. ನನ್ನ ಸಲುವಾಗಿ ಒಬ್ಬರ ಬೇಳೆ ಸೀದಿತಲ್ಲ ಎಂದು ಅವತ್ತು ನನಗೆ ವಿಚಿತ್ರವಾದ ಸಮಾಧಾನವಾಯಿತು.

ಒಂದು ತಿಂಗಳಾದ ಮೇಲೆ ಅವರು ನಡಿಗೆಯ ಮಾತು ತೆಗೆದರು. ದಿನಕ್ಕೆ ಒಂದು ಮಹಡಿ ಇಳಿಯಬೇಕು, ಫೋನು ಕಿವಿಯಲ್ಲಿರಬೇಕು, ವಿಡಿಯೋ ಬೇಡ. “ನೀವು ಏನ್ ನೋಡ್ತೀರಿ ಅದನ್ನ ಬಾಯಿಲೆ ಹೇಳ್ರಿ. ಬಾಯಿ ನಡದ್ರ ಕಾಲೂ ನಡೀತಾವ” ಎಂದರು. ಎರಡನೇ ಮಹಡಿ ಇಳಿದೆ, ಒಂದನೆಯದು ಇಳಿದೆ. ಯಾರ ಮನೆಯ ಮುಂದೆ ಎಷ್ಟು ಸ್ಯಾನಿಟೈಸರ್ ಬಾಟಲಿಗಳಿವೆ ಎಂದೆಲ್ಲ ವರದಿ ಕೊಟ್ಟೆ. ನಾಲ್ಕನೇ ದಿನ ಕೆಳಗೆ ಹೋಗಿ ಗೇಟಿನ ಕಬ್ಬಿಣ ನೋಡಿದ್ದೇ ತಡ, ಎದೆ ಬಾಯಿಗೆ ಬಂತು. ಫೋನು ಕಟ್ ಮಾಡಿ ಓಡಿ ಮೇಲೆ ಬಂದೆ.

ಮರುದಿನ ಫೋನು ಬಂದಾಗ ನಾನು ಮತ್ತೆ ಅದೇ ಮೆಟ್ಟಿಲ ಮೇಲೆ ಕೂತಿದ್ದೆ. “ಎಲ್ಲಿ ಅದೀರಿ ಅಕ್ಕೋರ?” ಎಂದರು. ಅವರಿಗೆ ನಿರಾಸೆಯಾಗಬಾರದು ಅನ್ನಿಸಿತೋ, ಸೋತೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತೋ, ಬಾಯಿಂದ ಬಂದೇಬಿಟ್ಟಿತು. “ಗೇಟ್ ದಾಟಿದೆ ಸರ್.”

ಹೋಂವರ್ಕ್ ಮಾಡದೆ ಮಾಡಿದ್ದೇವೆ ಎನ್ನುವ ಮಕ್ಕಳನ್ನು ಇಪ್ಪತ್ತೆರಡು ವರ್ಷ ಕಣ್ಣಲ್ಲೇ ಹಿಡಿದವಳು ನಾನು. ಸುಳ್ಳು ಎಷ್ಟು ಸುಲಭವೆಂದು ಅವತ್ತು ಗೊತ್ತಾಯಿತು.

“ಭೇಷ್. ಏನ್ ಕಾಣತೈತಿ ಹೇಳ್ರಿ.”

ಹೇಳಿದೆ. ಎಡಕ್ಕೆ ತಿರುಗಿದರೆ ಹಿಟ್ಟಿನ ಗಿರಣಿ. ಗಿರಣಿ ಜೋರಾಗಿ ಓಡುತ್ತಿದೆ, ಗಿರಣಿಯವನ ರೆಪ್ಪೆಯ ಮೇಲೂ ಹಿಟ್ಟು, ಡಬ್ಬಿಗಳು ಸಾಲಾಗಿ ಕೂತಿವೆ. ಮರುದಿನ ಇನ್ನೂ ಮುಂದೆ ಹೋದೆ. ಸ್ಟೇಷನ್ ಮೂಲೆಯ ಹೂವಿನವಳು, ಅವಳ ಒದ್ದೆ ಗೋಣಿಚೀಲ, ಪಕ್ಕದ ಬೀಗ ರಿಪೇರಿಯವನ ಛತ್ರಿ. ಹೀಗೆ ಹನ್ನೊಂದು ದಿನ ನಾನು ಮೆಟ್ಟಿಲ ಮೇಲೆ ಕೂತು ವಡಾಲ ಸುತ್ತಿದೆ. ನಾಚಿಕೆಗೇಡಿನ ಸಂಗತಿಯೆಂದರೆ, ಅದು ನನಗೆ ಹಿಡಿಸಿಬಿಟ್ಟಿತ್ತು. ದಿನವಿಡೀ ನಾಳೆ ಯಾವ ಅಂಗಡಿ ತೋರಿಸಲಿ ಎಂದು ಯೋಚಿಸುತ್ತಿದ್ದೆ. ರಸ್ತೆಯನ್ನು ನೆನೆದರೆ ತಣ್ಣಗಾಗುತ್ತಿದ್ದ ಕೈ ಈಗ ಆಗುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಲೇ ಇಲ್ಲ. ಅವರು ಮಾತ್ರ ಕಷ್ಟಪಟ್ಟು ಉಸಿರೆಳೆಯುತ್ತ, “ಹೂಂ, ಮುಂದ?” ಎನ್ನುತ್ತಿದ್ದರು. ಅವರಿಗೆ ದಮ್ಮು ಇದೆ, ಡಾಕ್ಟರು ಹೊರಗೆ ಕಾಲಿಡಬೇಡಿ ಎಂದಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಆ ಏದುಸಿರು ದಮ್ಮಿನದೇ ಅಂದುಕೊಂಡಿದ್ದೆ.

ಹನ್ನೆರಡನೇ ದಿನ ಅವರೆಂದರು: “ಇವತ್ತ ಹೂವಿನಾಕೀನ ಮಾತಾಡಸ್ರಿ. ಅಬೋಲಿ ಐತೇನು ಕೇಳ್ರಿ. ಆಕೀ ಧ್ವನಿ ನನಗೂ ಕೇಳಬೇಕು.”

ಅಬೋಲಿಯೆಂದರೆ ನಮ್ಮ ಕನಕಾಂಬರ. ಅವಳು ಇವತ್ತು ಬಂದಿಲ್ಲ ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ.

“ಅವಸರ ಇಲ್ರಿ. ನಾ ಹಿಡಕೊಂಡಿರ್ತೀನಿ” ಎಂದರು ಅವರು, ನಾನು ಏನೂ ಹೇಳುವ ಮೊದಲೇ.

ಎಷ್ಟು ಹೊತ್ತು ಕೂತಿದ್ದೆನೋ. ಆ ಕಡೆಯಿಂದ ಒಂದು ಮಾತೂ ಇಲ್ಲ, ಉಸಿರು ಮಾತ್ರ. ಇವರು ಫೋನಿಡುವ ಪೈಕಿ ಅಲ್ಲ ಎಂದು ಖಾತ್ರಿಯಾದ ಮೇಲೆ ಎದ್ದೆ. ಮೆಟ್ಟಿಲು ಇಳಿದೆ. ವಾಚ್‌ಮನ್ ಸಲಾಂ ಹೊಡೆದ, ಅದಕ್ಕೆ ತಲೆ ಎತ್ತಲೂ ಆಗಲಿಲ್ಲ. ಗೇಟಿನ ಕಬ್ಬಿಣ ಹಿಡಿದು ತಳ್ಳಿದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಹೊಡೆದುಕೊಳ್ಳುತ್ತಿರುವಾಗಲೇ ನಡೆದೆ. ಎಡಕ್ಕೆ ತಿರುಗಿದೆ.

ಗಿರಣಿಗೆ ಬೀಗ ಹಾಕಿತ್ತು. ಶಟರಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಎಷ್ಟು ತಿಂಗಳಿಂದ ಮುಚ್ಚಿತ್ತೋ. ನಾನು ಹನ್ನೊಂದು ದಿನ ಓಡಿಸಿದ್ದ ಗಿರಣಿ ಅದು.

ಹೂವಿನವಳು ಇದ್ದಳು. ಅರ್ಧ ಬುಟ್ಟಿ ಹೂವಿಟ್ಟುಕೊಂಡು, ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು. “ಅಗೋ ತಾಈ, ಕುಠೇ ಹೋತಾ? ಚಾರ್ ಮಹಿನೇ ದಿಸಲಾತ್ ನಾಹೀ” ಎಂದು ರಸ್ತೆಗೆಲ್ಲ ಕೇಳುವ ಹಾಗೆ ಅಂದಳು. ಎಲ್ಲಿದ್ದೆ ಅಕ್ಕಾ, ನಾಲ್ಕು ತಿಂಗಳು ಕಾಣಲೇ ಇಲ್ಲ ಎಂದು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮರಾಠಿಯಲ್ಲೇ ಕೆಲಸ ಮಾಡಿದವರು ಫೋನಿನ ಆ ಕಡೆ.

ಫೋನಿನಲ್ಲಿ ಅವರೆಂದರು: “ಅಬೋಲಿ ಐತಂತೇನ್ರಿ?”

ಅಷ್ಟೇ. ಅವತ್ತೂ, ಆಮೇಲೂ, ಆ ಮಾತನ್ನು ಅವರು ಎತ್ತಲಿಲ್ಲ. ನಾನು ಅಬೋಲಿ ಕೊಂಡು ಮನೆಗೆ ತಂದೆ. ಅತ್ತೆ ಅದನ್ನು ಸ್ಯಾನಿಟೈಸರಿನಲ್ಲಿ ಅದ್ದಬೇಕೋ ಬೇಡವೋ ಎಂದು ಅರ್ಧ ಗಂಟೆ ಚರ್ಚಿಸಿ ಕೊನೆಗೆ ದೇವರಿಗೆ ಮುಡಿಸಿದರು.

ಅಲ್ಲಿಂದ ಮುಂದೆ ನಿಜವಾಗಿ ನಡೆದೆ. ಶಾಲೆಗೆ ಹಾಜರಾಗಬೇಕಾದ ದಿನ ಅವರು ಮನೆಯಿಂದ ಶಾಲೆಯ ಬಾಗಿಲವರೆಗೂ ಫೋನಿನಲ್ಲಿದ್ದರು. ಸೇತುವೆಯ ಮೇಲೆ ಬಂದಾಗ ಕೆಳಗೆ ಹಾರ್ಬರ್ ಲೈನಿನ ಒಂದು ಲೋಕಲ್ ರೈಲು ಹೋಯಿತು. ಅದು ದೂರವಾದ ಮೇಲೂ ಅವರು ಮಾತಾಡಲಿಲ್ಲ. ಲೈನು ಕಟ್ಟಾಯಿತೇನೋ ಎಂದು ಹಲೋ ಅಂದೆ.

“ಅದೀನ್ರಿ. ಇನ್ನೊಂದು ಬರೂತನಕ ನಿಂದರ್ತೀರೇನು?” ಎಂದರು. ಮೂವತ್ತು ವರ್ಷ ಅದೇ ಗಾಡಿಯಲ್ಲಿ ಹೋಗಿ, ರೇ ರೋಡ್ ಸ್ಟೇಷನ್ನಿನಲ್ಲಿಳಿದು ಆಸ್ಪತ್ರೆಗೆ ನಡೆದವರು ಅವರು. ಅವರು ತಮಗಾಗಿ ಕೇಳಿದ್ದು ಅದೊಂದೇ. ಶಾಲೆಗೆ ತಡವಾಗುತ್ತಿದ್ದರೂ ನಿಂತೆ. ಗಾಡಿ ಬಂತು. ಫೋನನ್ನು ಕಂಬಿಗಳ ಸಂದಿಯಿಂದ ಆಚೆ ಹಿಡಿದೆ.

ಮುಂದಿನ ವರ್ಷ ಮಕ್ಕಳು ಶಾಲೆಗೆ ಬರತೊಡಗಿದ ಮೇಲೆ ಅವರು, “ಇನ್ನ ನನ್ನ ನಂಬರ ಮರೀಬೇಕ್ರಿ ಅಕ್ಕೋರ. ಅದ ನನ್ನ ಫೀಸು” ಎಂದು ಮುಗಿಸಿದರು. ನಾನು ಮರೆಯಲಿಲ್ಲ. ಶಾಲೆಯಿಂದ ಅವರ ಕಾಲನಿ ಹತ್ತು ನಿಮಿಷದ ನಡಿಗೆ. ಒಂದು ದಿನ ಹೋಗಬೇಕು, ಪೂರ್ತಿ ಮುಖ ನೋಡಬೇಕು, ಗಿರಣಿಯ ವಿಷಯ ನಾನೇ ಬಾಯಿಬಿಟ್ಟು ಹೇಳಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ, ಮಳೆ ಮುಗಿಯಲಿ, ಮಗಳ ಕಾಲೇಜಿನ ಅಡ್ಮಿಷನ್ ಮುಗಿಯಲಿ ಎಂದು ವರ್ಷಗಳು ಹೋದವು. ನಿಜ ಹೇಳಬೇಕೆಂದರೆ ಪುರುಸೊತ್ತಿಲ್ಲದೆ ಅಲ್ಲ, ನಾಚಿಕೆಗೆ ಹೋಗಲಿಲ್ಲ. ಕಳೆದ ತಿಂಗಳು ಸಂಘದ ವಾಟ್ಸಾಪ್‌ನಲ್ಲಿ ಸುದ್ದಿ ಬಂತು.

ಬಾಗಿಲು ತೆರೆದವರು ಅವರ ಹೆಂಡತಿ. ಟೀಚರು, ಫೋನಿನಲ್ಲಿ ಅವರ ಹತ್ತಿರ ಮಾತಾಡುತ್ತಿದ್ದೆ ಎಂದು ಹೇಳಿಕೊಂಡೆ. ಆಕೆ ನನ್ನನ್ನೇ ನೋಡಿ, “ನೀವು ಗಿರಣಿ ಅಕ್ಕೋರೇನ್ರಿ?” ಎಂದರು.

ಗೋಡೆಯಲ್ಲಿ ಅದೇ ಮೊಳೆ, ಅದೇ ಜಾತಿಯ ಕ್ಯಾಲೆಂಡರು, ಈ ವರ್ಷದ್ದು. ಕೂತೆ. ಚಹಾ ಬಂತು. ಇನ್ನು ಯಾರಿಗೆ ಹೇಳುವುದೆಂದು ಆಕೆಗೇ ಹೇಳಿದೆ. ನಾನು ಅವರಿಗೆ ಸುಳ್ಳು ಹೇಳಿದ್ದೆ, ಹನ್ನೊಂದು ದಿನ ನಾನು ಗೇಟೇ ದಾಟಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದೆ ಎಂದೆ.

“ಅವರಿಗೆ ಮೊದಲನೇ ದಿನಾನ ಗೊತ್ತಿತ್ರಿ” ಎಂದರು ಆಕೆ. “‘ಫೋನಿನ್ಯಾಗ ಆಕೀ ಕಡೆ ಕುಕ್ಕರ ಕೂಗಿತು. ರಸ್ತಾದಾಗ ಎಲ್ಲೆರೆ ಕುಕ್ಕರ ಕೂಗತೈತೇನು, ಪಾಪ ಮೆಟ್ಟಲದ ಮ್ಯಾಲ ಕುಂತಾಳ’ ಅಂತ ಅವತ್ತ ಅಂದ್ರು. ನೀವು ಯಾರು, ಏನು ಅಂತ ಹೇಳಲಿಲ್ಲರಿ. ಚಪ್ಪಲಿ ಸಲುವಾಗಿ ನಾನ ಜಗಳಾ ತಗದೆ, ಅದಕ್ಕ ಇಷ್ಟ ಹೇಳಿದ್ರು.”

“ಯಾವ ಚಪ್ಪಲಿ?”

“ನಿಮ್ಮ ಫೋನ್ ಬಂತಂದ್ರ ಮನಿಯೊಳಗ ಚಪ್ಪಲಿ ಮೆಟ್ಟಿಕೊಂಡು ಅಡ್ಡಾಡತಿದ್ರಿ. ಹೊರಗಿನ ಚಪ್ಪಲಿ. ಕುಂತು ಮಾತಾಡ್ರಿ, ದಮ್ಮು ಬರತೈತಿ ಅಂದ್ರ ಕೇಳತಿದ್ದಿಲ್ಲ. ಈ ಬಾಗಲದಿಂದ ಅಡಗಿ ಮನಿ ತನಕ, ಅಲ್ಲಿಂದ ಇಲ್ಲಿತನಕ. ದೇವರ ಜಗಲಿ ಮುಂದ ಚಪ್ಪಲಿ ಯಾಕ್ರೀ ಅಂತ ನಾ ಸಿಟ್ಟಿಗೆದ್ದೆ. ‘ಆಕಿ ಗಿರಣಿ ತನಕ ಬಂದಾಳ, ನಾ ಅಡಗಿ ಮನಿ ತನಕರೆ ಹೋಗಬ್ಯಾಡೇನು’ ಅಂದ್ರು. ಆಕಿ ಬಂದಿಲ್ಲಲ್ರೀ, ಸುಳ್ಳು ಹೇಳ್ಯಾಳಲ್ಲ ಅಂದೆ. ‘ಬರತಾಳ. ದಿನಾ ಒಂದೊಂದ ಅಂಗಡಿ ಮುಂದ ಬರಾಕತ್ತಾಳ’ ಅಂದ್ರು.”

ನಾನು ಕೂತಿದ್ದೆ. ಅವರು ನಡೆಯುತ್ತಿದ್ದರು. ಕಿವಿಯಲ್ಲಿ ಕೇಳುತ್ತಿದ್ದ ಏದುಸಿರು ನನ್ನ ಪಾಲಿನ ನಡಿಗೆಯದು.

ಆಕೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಕಟ್ಟೆಯ ಕೆಳಗೆ, ಒರೆಸಿಟ್ಟ ಒಂದು ಜೊತೆ ಕಂದು ಚಪ್ಪಲಿ. “ಅವತ್ತ ಬೈದಿದ್ದೆ. ಈಗ ಹೊರಗ ಇಡಾಕ ಮನಸ್ಸಾಗವಲ್ದು” ಎಂದರು. ಇಬ್ಬರೂ ಅತ್ತೆವು. ಒಳಗೆ ಕುಕ್ಕರಿಟ್ಟಿದ್ದರು, ಅದು ಕೂಗುತ್ತಿತ್ತು, ನಾವಿಬ್ಬರೂ ಎಣಿಸಲಿಲ್ಲ.

ವಾಪಸು ನಡೆದೇ ಬಂದೆ. ಸೇತುವೆಯ ಮೇಲೆ ನಿಂತೆ, ಒಂದು ಗಾಡಿ ಹೋಯಿತು, ಇನ್ನೊಂದು ಬರುವ ತನಕವೂ ನಿಂತೆ. ಹೂವಿನವಳ ಹತ್ತಿರ ಅಬೋಲಿ ಇರಲಿಲ್ಲ. ಗಿರಣಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಅದರ ಎದುರು ನಿಂತು ಬ್ಯಾಗಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡೆ. ಯಾರಿಗೂ ಫೋನು ಮಾಡಿರಲಿಲ್ಲ. ರಸ್ತೆಯಲ್ಲಿ ಫೋನು ಹಿಡಿದು ಮಾತಾಡುವವರನ್ನು ಈ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

“ಗಿರಣಿ ಇಲ್ಲ ಸರ್” ಎಂದೆ. “ಅವತ್ತೂ ಮುಚ್ಚಿತ್ತು.”

ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದೆ. ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು.

“ಇವತ್ತು ಬರೀ ತಿಳಿಸಾರು, ಸರ್.”